ಪಕ್ಷಪಾತವೋ, ವಶೀಲಿಯೋ, ತಾರತಮ್ಯವೋ: ದೂರು ಬರೆಯುವ ಮುನ್ನ ಪದ ಆರಿಸಿಕೊಳ್ಳುವ ಬಗೆ

ಅರ್ಹತೆಯನ್ನು ಬದಿಗಿಟ್ಟು ಯಾರಿಗೋ ಮಣೆ ಹಾಕಿದಾಗ ಅದನ್ನು ಹೆಸರಿಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಪಕ್ಷಪಾತ, ಸ್ವಜನಪಕ್ಷಪಾತ, ವಶೀಲಿ, ತಾರತಮ್ಯ, ಭೇದಭಾವ, ಓಲೈಕೆ, ಮಲತಾಯಿ ಧೋರಣೆ ಎಂದು ಸಾಲು ಬೆಳೆಯುತ್ತದೆ. ಮುಂಬಯಿಯಲ್ಲಿ ನೆಲೆಸಿದ ನಮಗಂತೂ ಮರಾಠಿಯ ವಶಿಲಾ (ವಶೀಲಿ), ದುಜಾಭಾವ (ಭೇದಭಾವ), ಘರಾಣೇಶಾಹಿ (ಕುಟುಂಬ ರಾಜಕಾರಣ) ಎಂಬ ಪದಗಳೂ ದಿನವಿಡೀ ಕಿವಿಗೆ ಬೀಳುತ್ತಿರುತ್ತವೆ. ಹೀಗಾಗಿ ಸಂಘದ ಮಹಾಸಭೆಗೆ ಬರೆದ ಪತ್ರದಲ್ಲಿ, ಹೌಸಿಂಗ್ ಸೊಸೈಟಿಯ ಕಮಿಟಿಗೆ ಕೊಟ್ಟ ದೂರಿನಲ್ಲಿ, ಪತ್ರಿಕೆಯ ವಾಚಕರ ವಿಭಾಗಕ್ಕೆ ಕಳಿಸಿದ ಬರಹದಲ್ಲಿ ಒಂದು ಪದದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ದೂರಿನಲ್ಲಿ ಹುರುಳಿದ್ದರೂ ಆ ಒಂದು ಪದವನ್ನೇ ಹಿಡಿದುಕೊಂಡು ಎದುರಿನವರು ಇಡೀ ಪತ್ರವನ್ನು ತಳ್ಳಿಹಾಕುವುದನ್ನು ಸಭೆಗಳಲ್ಲಿ ಕೂತವರೆಲ್ಲ ಕಂಡಿರುತ್ತಾರೆ.

ಈ ಪದಗಳ ನಡುವಿನ ವ್ಯತ್ಯಾಸವನ್ನು ಕೋಪದ ಪ್ರಮಾಣದಿಂದ ಅಳೆಯುವುದು ವಾಡಿಕೆ. ಪಕ್ಷಪಾತ ಸ್ವಲ್ಪ ಮೆದು, ಸ್ವಜನಪಕ್ಷಪಾತ ಸ್ವಲ್ಪ ಖಾರ ಎಂಬಂತೆ. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ಇರುವುದು ಬೆರಳು ಯಾರ ಕಡೆಗೆ ತೋರುತ್ತದೆ ಎಂಬುದರಲ್ಲಿ. ಪಕ್ಷಪಾತ ಎಂದಾಗ ನಾವು ತೀರ್ಮಾನ ಕೊಟ್ಟವರನ್ನು ದೂರುತ್ತೇವೆ. ಸ್ವಜನಪಕ್ಷಪಾತ ಎಂದಾಗ ತೀರ್ಮಾನ ಕೊಟ್ಟವರಿಗೂ ಲಾಭ ಪಡೆದವರಿಗೂ ನಂಟಿದೆ ಎಂಬ ಇನ್ನೊಂದು ಆರೋಪವನ್ನು ಅದಕ್ಕೆ ಸೇರಿಸುತ್ತೇವೆ. ವಶೀಲಿ ಎಂದೊಡನೆ ದೂರು ಲಾಭ ಪಡೆದವರ ಮತ್ತು ನಡುವೆ ನಿಂತು ಮಾತಾಡಿದವರ ಮೇಲೆ ತಿರುಗುತ್ತದೆ. ತಾರತಮ್ಯ ಎಂದರೆ ಕಳೆದುಕೊಂಡವರ ಕಡೆಯಿಂದ ನೋಡಿದ ಮಾತು. ಯಾರನ್ನು ಪ್ರಶ್ನಿಸುತ್ತಿದ್ದೇವೆ, ಏನನ್ನು ತೋರಿಸಬಲ್ಲೆವು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಪದ ತಾನಾಗಿ ಸಿಗುತ್ತದೆ.

ಇವುಗಳಲ್ಲಿ ಅತ್ಯಂತ ವ್ಯಾಪಕವಾದದ್ದೂ ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುವಂಥದ್ದೂ ಪಕ್ಷಪಾತವೇ. ಪಕ್ಷ ಎಂದರೆ ಬದಿ, ಪಾತ ಎಂದರೆ ಬೀಳುವುದು. ನಡುವೆ ನಿಂತಿರಬೇಕಾದವರು ಒಂದು ಬದಿಗೆ ವಾಲಿದರು ಎಂಬುದಷ್ಟೇ ಅದರ ಅರ್ಥ, ವಾಲಿದ ಕಾರಣವನ್ನು ಅದು ಹೇಳುವುದಿಲ್ಲ. ಹಳೆಯ ಬಳಕೆಯಲ್ಲಿ ಅದಕ್ಕೆ ದೋಷದ ಛಾಯೆಯೂ ಕಡ್ಡಾಯವಾಗಿರಲಿಲ್ಲ, ಒಳ್ಳೆಯದನ್ನು ಮೆಚ್ಚುವವರನ್ನು ಗುಣಪಕ್ಷಪಾತಿ ಎಂದು ಹೊಗಳುವ ರೂಢಿ ಸಂಸ್ಕೃತದಿಂದ ಕನ್ನಡಕ್ಕೂ ಬಂದಿತ್ತು. ಇಂದಿನ ಬಳಕೆಯಲ್ಲಿ ಆ ಮೆಚ್ಚುಗೆಯ ಅರ್ಥ ಬಹುಮಟ್ಟಿಗೆ ಅಳಿದಿದೆ. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ನ್ಯಾಯಾಧೀಶರಿಗೂ ಗೊತ್ತುಮಾಡಿರುವ ಪ್ರಮಾಣವಚನವು ಭಯ, ಪಕ್ಷಪಾತ, ಮಮತೆ, ದ್ವೇಷ ಎಂಬ ನಾಲ್ಕನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಮಹಾರಾಷ್ಟ್ರದ ಮಂತ್ರಿಗಳು ಮರಾಠಿಯಲ್ಲಿ ಪ್ರಮಾಣ ಸ್ವೀಕರಿಸುವಾಗ ‘ನಿಃಪಕ್ಷಪಾತೀಪಣೆ’ಯ ಮಾತಾದ ಮೇಲೆ ‘ಮಮತ್ವಭಾವ ಕಿಂವಾ ಆಕಸ ನ ಬಾಳಗತಾ’ (ಮಮತೆಯನ್ನಾಗಲಿ ದ್ವೇಷವನ್ನಾಗಲಿ ಇಟ್ಟುಕೊಳ್ಳದೆ) ಎಂದು ಮತ್ತೆ ಹೇಳುವುದನ್ನು ನಾವೆಲ್ಲ ಟಿವಿಯಲ್ಲಿ ಕೇಳಿದ್ದೇವೆ. ಮಮತೆ ಮನಸ್ಸಿನೊಳಗಿನದು, ಪಕ್ಷಪಾತ ಕೈಯಿಂದ ನಡೆದದ್ದು. ಎರಡನ್ನೂ ಹೇಳಬೇಕಾಗಿ ಬಂದದ್ದು ಅವು ಒಂದೇ ಅಲ್ಲದ್ದರಿಂದ.

ದೂರು ಬರೆಯುವವರಿಗೆ ಈ ಭೇದ ಬಹಳ ಉಪಯೋಗದ್ದು. ‘ತೀರ್ಪುಗಾರರಿಗೆ ಆ ತಂಡದ ಮೇಲೆ ಒಲವಿತ್ತು’ ಎಂದು ಬರೆದರೆ ಇನ್ನೊಬ್ಬರ ಮನಸ್ಸನ್ನು ಓದಿದ ಹಾಗಾಗುತ್ತದೆ, ಅದನ್ನು ತೋರಿಸಿಕೊಡಲು ದಾರಿಯಿಲ್ಲ. ‘ನಾಟಕದ ಅವಧಿ ಮೀರಿದ ಮೂರು ತಂಡಗಳ ಪೈಕಿ ಎರಡಕ್ಕೆ ಅಂಕ ಕಳೆದು ಒಂದಕ್ಕೆ ಕಳೆಯದೆ ಬಿಟ್ಟಿದ್ದಾರೆ’ ಎಂದು ಬರೆದು, ಅದನ್ನು ಪಕ್ಷಪಾತ ಎಂದು ಕರೆದರೆ ಯಾರೂ ಅಲ್ಲಗಳೆಯಲಾರರು. ಒಂದೇ ನಿಯಮವನ್ನು ಇಬ್ಬರಿಗೆ ಎರಡು ರೀತಿಯಲ್ಲಿ ಅನ್ವಯಿಸಿದ್ದಾರೆ ಎಂದು ತೋರಿಸಲು ಸಾಧ್ಯವಾದ ಕಡೆ ಪಕ್ಷಪಾತ ಎಂಬ ಪದ ಧೈರ್ಯವಾಗಿ ನಿಲ್ಲುತ್ತದೆ. ಪೂರ್ವಗ್ರಹ ಇದಕ್ಕಿಂತ ಹಿಂದಿನ ಹಂತದ್ದು: ವಿಷಯ ಕೈಗೆ ಬರುವ ಮೊದಲೇ ಕಟ್ಟಿಕೊಂಡ ಅಭಿಪ್ರಾಯ. ಅದು ಒಬ್ಬರ ಪರವಾಗಿರುವುದಕ್ಕಿಂತ ವಿರುದ್ಧವಾಗಿರುವುದೇ ಹೆಚ್ಚು, ಆದ್ದರಿಂದ ಅನುಚಿತ ಲಾಭದ ಪ್ರಸ್ತಾಪ ಬಂದಲ್ಲಿ ಆ ಪದ ಹೊಂದುವುದಿಲ್ಲ.

ಸ್ವಜನಪಕ್ಷಪಾತದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ದುರ್ಬಳಕೆಯಾಗುವ ಪದ ಇದೇ. ಇಂಗ್ಲಿಷಿನ ನೆಪೋಟಿಸಂಗೆ ಸಾಟಿಯಾಗಿ ನಾವಿದನ್ನು ಬಳಸುತ್ತೇವೆ. ಆ ಇಂಗ್ಲಿಷ್ ಪದದ ಹಿಂದೆ ರೋಮಿನ ಪೋಪರ ಚರಿತ್ರೆಯಿದೆ: ಮದುವೆಯಾಗದ ಪೋಪರು ತಮ್ಮ ಸೋದರಳಿಯಂದಿರನ್ನು, ಅಣ್ಣತಮ್ಮಂದಿರ ಮಕ್ಕಳನ್ನು ಕಾರ್ಡಿನಲ್‌ಗಳನ್ನಾಗಿ ಮಾಡಿ ಆಸ್ತಿ ಅಧಿಕಾರ ಕೊಡುತ್ತಿದ್ದರು, ಅಂಥ ಸಂಬಂಧವನ್ನು ಹೇಳುವ ಇಟಾಲಿಯನ್ ಪದ ನಿಪೋತೆಯಿಂದ ಈ ಹೆಸರು ಬಂತು, ಮತ್ತು 1692ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಎಂಬ ಪೋಪ್ ಆಜ್ಞೆ ಹೊರಡಿಸಿ ಈ ಪದ್ಧತಿಗೆ ತಡೆ ಹಾಕಿದರು. ಅಂದರೆ ಆ ಪದಕ್ಕೆ ರಕ್ತಸಂಬಂಧ ಮೂಲದಲ್ಲೇ ಅಂಟಿಕೊಂಡಿದೆ. ಕನ್ನಡದ ಸ್ವಜನ ಅಷ್ಟು ಬಿಗಿಯಾದ ಪದವಲ್ಲ. ತನ್ನ ಜನ ಎಂದರೆ ಮನೆಯವರೂ ಆಗಬಹುದು, ಜಾತಿಯವರೂ ಆಗಬಹುದು, ಊರಿನವರೂ ಆಗಬಹುದು. ಮುಂಬಯಿಯಲ್ಲಿ ‘ನಮ್ಮವರು’ ಎಂದರೆ ಒಮ್ಮೊಮ್ಮೆ ಕನ್ನಡ ಆಡುವ ಯಾರೇ ಆದರೂ ಆಯಿತು. ಈ ಸಡಿಲಿಕೆಯಿಂದಲೇ ಪದ ತೊಂದರೆ ಕೊಡುತ್ತದೆ. ಓದುವವರು ‘ಸ್ವಂತ ಸಂಬಂಧಿಕರು’ ಎಂದು ತಿಳಿಯುತ್ತಾರೆ, ಬರೆದವರ ಮನಸ್ಸಿನಲ್ಲಿದ್ದದ್ದು ಪರಿಚಯಸ್ಥರು. ಆರೋಪ ಹೊತ್ತವರು ‘ಆತ ನನಗೆ ಯಾವ ನಂಟೂ ಅಲ್ಲ’ ಎಂದು ಒಂದೇ ಮಾತಿನಲ್ಲಿ ಗೆದ್ದುಬಿಡುತ್ತಾರೆ. ನಂಟಿದ್ದರೆ ಮಾತ್ರ ಸ್ವಜನಪಕ್ಷಪಾತ ಎಂದು ಬರೆಯುವುದು ಕ್ಷೇಮ. ಜಾತಿಯ ಕಾರಣಕ್ಕಾಗಿದ್ದರೆ ಜಾತಿಪಕ್ಷಪಾತ ಎಂದೇ ಹೇಳುವುದು ಪ್ರಾಮಾಣಿಕ. ಸ್ನೇಹದ ಕಾರಣಕ್ಕಾಗಿದ್ದರೆ ಬರೀ ಪಕ್ಷಪಾತ ಸಾಕು.

ನಂಟಿದ್ದ ಮಾತ್ರಕ್ಕೆ ತಪ್ಪು ನಡೆದಿದೆ ಎಂದೂ ಅಲ್ಲ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಂದ ಎಷ್ಟೋ ಹುಡುಗರು ಊರಿನ ಪರಿಚಯದ ಮೇಲೆಯೇ ಫೋರ್ಟ್, ಮಾಟುಂಗ, ದಾದರಿನ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿ, ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದರು. ಹೋಟೆಲಿನ ಮಾಲೀಕರು ತಮ್ಮ ಗಲ್ಲಾದ ಮೇಲೆ ಅಳಿಯನನ್ನು ಕೂರಿಸಿದರೆ ಅದಕ್ಕೆ ಸ್ವಜನಪಕ್ಷಪಾತ ಎನ್ನುವುದು ಅತಿಯಾಗುತ್ತದೆ, ಏಕೆಂದರೆ ನಷ್ಟವಾದರೆ ಅದು ಅವರದೇ ನಷ್ಟ. ಅದೇ ಮಾಲೀಕರು ಸಂಘದ ವಿದ್ಯಾರ್ಥಿವೇತನ ಸಮಿತಿಯಲ್ಲಿ ಕೂತಾಗ ಅವರ ಕೈಯಲ್ಲಿರುವುದು ನೂರಾರು ಸದಸ್ಯರ ವಂತಿಗೆ. ಅಲ್ಲಿ ಅಳಿಯನ ಹೆಸರು ಪಟ್ಟಿಯಲ್ಲಿ ಮೇಲೆ ಬಂದರೆ ಪದ ಪೂರ್ತಿಯಾಗಿ ಸಲ್ಲುತ್ತದೆ. ಹಂಚುವವರ ಕೈಯಲ್ಲಿರುವುದು ಸ್ವಂತದ್ದೋ ಸಮುದಾಯದ್ದೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಈ ಪದವನ್ನು ಬರೆಯಬಾರದು. ‘ಬಡಿಸುವವ ನಮ್ಮವನಾದರೆ ಎಲ್ಲಿ ಕೂತರೇನು’ ಎಂಬ ಗಾದೆ ಹೇಳುವುದೂ ಊರ ಊಟದ ಪಂಕ್ತಿಯ ವಿಷಯವನ್ನೇ, ಅವರವರ ಮನೆಯ ಅಡುಗೆಮನೆಯ ವಿಷಯವನ್ನಲ್ಲ.

ಇಂಥ ಒಂದು ದೂರಿನ ಕರಡು ನನ್ನ ಬಳಿ ತಿದ್ದಲು ಬಂದಿತ್ತು. ಅದರ ಮೊದಲ ವಾಕ್ಯ, ‘ಮಾನ್ಯ ಕಾರ್ಯದರ್ಶಿಯವರು ವಿದ್ಯಾರ್ಥಿವೇತನದಲ್ಲಿ ರಾಜಾರೋಷವಾಗಿ ಸ್ವಜನಪಕ್ಷಪಾತ ನಡೆಸಿದ್ದಾರೆ’ ಎಂದಿತ್ತು. ಬರೆದ ತಂದೆಯ ನೋವು ನಿಜವಾದದ್ದು, ಮಗಳಿಗೆ ಹೆಚ್ಚು ಅಂಕಗಳಿದ್ದೂ ಹೆಸರು ಬಂದಿರಲಿಲ್ಲ. ನಾವಿಬ್ಬರೂ ಕೂತು ಆ ವಾಕ್ಯವನ್ನು ಒಡೆದೆವು: ‘ಆಯ್ಕೆಯಾದ ಅಭ್ಯರ್ಥಿಯೊಬ್ಬರು ಕಾರ್ಯದರ್ಶಿಯವರ ಸಹೋದರನ ಪುತ್ರ. ಆಯ್ಕೆ ನಡೆದ ಸಭೆಯಲ್ಲಿ ಕಾರ್ಯದರ್ಶಿಯವರು ಹಾಜರಿದ್ದರು. ಪ್ರಕಟಣೆಯಲ್ಲಿ ತಿಳಿಸಿದಂತೆ ಅಂಕಗಳ ಕ್ರಮವನ್ನು ಅನುಸರಿಸಿಲ್ಲ. ಇದು ಸ್ವಜನಪಕ್ಷಪಾತದ ಸಂದೇಹಕ್ಕೆ ಎಡೆಗೊಡುವುದರಿಂದ ಆಯ್ಕೆಯನ್ನು ಮರುಪರಿಶೀಲಿಸಬೇಕು.’ ಪದ ಉಳಿಯಿತು, ಆದರೆ ಅದು ಸಂಗತಿಗಳು ಮುಗಿದ ಮೇಲೆ ಬಂತು. ಬರವಣಿಗೆಯಲ್ಲಿ ಹೆಸರು ಹಿಡಿದು ಆರೋಪ ಮಾಡುವಾಗ ಮಾನನಷ್ಟದ ಕಾನೂನನ್ನೂ ನೆನಪಿನಲ್ಲಿಡಬೇಕು; ಹಿಂದೆ ದಂಡ ಸಂಹಿತೆಯ 499ನೆಯ ಕಲಮಿನಲ್ಲಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಸಂಗತಿಯನ್ನು ಮೊದಲಿಟ್ಟು ಪದವನ್ನು ಸಂದೇಹವಾಗಿ ಮಂಡಿಸುವುದು ಹೇಡಿತನವಲ್ಲ, ತೋರಿಸಲು ಆಗುವಷ್ಟನ್ನೇ ಹೇಳುವ ಜವಾಬ್ದಾರಿ.

ಕುಟುಂಬ ರಾಜಕಾರಣವನ್ನೂ ಸ್ವಜನಪಕ್ಷಪಾತವನ್ನೂ ಒಂದೇ ಎಂದು ಬರೆಯುವವರಿದ್ದಾರೆ. ಮರಾಠಿಯವರು ಇದಕ್ಕೆ ಘರಾಣೇಶಾಹಿ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿರುವುದು ಸರಿಯಾಗಿದೆ. ಮಗನಿಗೆ ಪಕ್ಷದ ಟಿಕೆಟ್ ಕೊಡಿಸಿದ್ದು ಸ್ವಜನಪಕ್ಷಪಾತ ಆಗಬಹುದು. ಆಮೇಲೆ ಜನ ಓಟು ಹಾಕಿ ಗೆಲ್ಲಿಸಿದ್ದು ಬೇರೆ ವಿಷಯ, ಅಲ್ಲಿ ಆರಿಸಿದವರು ಸ್ವಜನರಲ್ಲ.

ವಶೀಲಿ ಅರಬ್ಬಿಯ ವಸೀಲಾದಿಂದ ಬಂದದ್ದು. ಅಲ್ಲಿ ಅದಕ್ಕೆ ಸಾಧನ, ದಾರಿ, ಒಂದನ್ನು ತಲುಪಲು ಇರುವ ಆಸರೆ ಎಂಬ ಅರ್ಥ. ಮರಾಠಿಯಲ್ಲಿ ವಶಿಲಾ ಆಗಿ, ಕನ್ನಡದಲ್ಲಿ ವಶೀಲಿ, ವಶೀಲಿಬಾಜಿ ಆಗಿ ನಿಂತಿದೆ. ಮುಂಬಯಿಯ ಆಡುಮಾತಿನಲ್ಲಿ ಇದೇ ಕೆಲಸಕ್ಕೆ ‘ಜ್ಯಾಕ್ ಹಾಕಿಸು’, ‘ಸೆಟಿಂಗ್ ಮಾಡು’ ಎಂಬ ಮಾತುಗಳೂ ಇವೆ. ಪಕ್ಷಪಾತ ಮೇಲಿನಿಂದ ಕೆಳಕ್ಕೆ ಹರಿಯುವಂಥದ್ದಾದರೆ ವಶೀಲಿ ಕೆಳಗಿನಿಂದ ಮೇಲಕ್ಕೆ ಹತ್ತುವಂಥದ್ದು. ಕೆಲಸ ಆಗಬೇಕಾದವರು ಒಬ್ಬರ ಮೂಲಕ ಇನ್ನೊಬ್ಬರನ್ನು ಹಿಡಿಯುತ್ತಾರೆ. ಆದ್ದರಿಂದ ಅಧಿಕಾರಿಯ ವಿರುದ್ಧದ ದೂರಿನಲ್ಲಿ ‘ವಶೀಲಿ ಮಾಡಿದ್ದಾರೆ’ ಎಂದು ಬರೆಯುವುದು ತಪ್ಪು. ಅಧಿಕಾರಿ ಮಾಡಿದ್ದು ಪಕ್ಷಪಾತ, ವಶೀಲಿ ಮಾಡಿದವರು ಇನ್ಯಾರೋ. ಅಲ್ಲದೆ ಅದು ಕಟ್ಟೆಯ ಮೇಲಿನ ಮಾತಿನ ಪದ, ಔಪಚಾರಿಕ ಪತ್ರಕ್ಕೆ ‘ಪ್ರಭಾವ ಬೀರಿದ್ದಾರೆ’ ಎಂಬುದು ಹೆಚ್ಚು ಒಪ್ಪುತ್ತದೆ.

ಶಿಫಾರಸನ್ನು ಇದರ ಜೊತೆ ಸೇರಿಸಬಾರದು. ತಜ್ಞರ ಸಮಿತಿ ಶಿಫಾರಸು ಮಾಡುತ್ತದೆ, ಅಧ್ಯಾಪಕರು ವಿದ್ಯಾರ್ಥಿಗೆ ಶಿಫಾರಸು ಪತ್ರ ಕೊಡುತ್ತಾರೆ. ತಮ್ಮ ಹೆಸರಿನಲ್ಲಿ, ಬಹಿರಂಗವಾಗಿ, ಗುಣವನ್ನು ಹೇಳಿ ಬರೆದದ್ದರಲ್ಲಿ ದೋಷವಿಲ್ಲ. ಅದೇ ಮಾತು ಫೋನಿನಲ್ಲಿ, ಗುಣದ ಪ್ರಸ್ತಾಪವಿಲ್ಲದೆ, ‘ನಮ್ಮ ಹುಡುಗ, ನೋಡಿಕೊಳ್ಳಿ’ ಎಂದಾದಾಗ ವಶೀಲಿಯಾಗುತ್ತದೆ. ಲಂಚ ಇವೆಲ್ಲಕ್ಕಿಂತ ಮುಂದಿನ ಮೆಟ್ಟಿಲು, ಅದಕ್ಕೆ ಕೊಟ್ಟು ತೆಗೆದುಕೊಂಡದ್ದರ ಆಧಾರ ಬೇಕು. ಸರ್ಕಾರಿ ನೌಕರರ ವಿಷಯದಲ್ಲಿ 1988ರ ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದಿದಾಗ ಅನುಚಿತ ಲಾಭ ಎಂಬ ಪರಿಕಲ್ಪನೆಯನ್ನು ಸೇರಿಸಿದ್ದು, ಹಣವಲ್ಲದ ಉಪಕಾರವೂ ಅದರಲ್ಲಿ ಬರುತ್ತದೆ. ನಿನ್ನ ಕೆಲಸ ನಾನು ಮಾಡಿಕೊಡುತ್ತೇನೆ, ನನ್ನ ಮಗನನ್ನು ನೀನು ಸೇರಿಸಿಕೋ ಎಂಬ ಒಪ್ಪಂದವನ್ನು ಬರೀ ವಶೀಲಿ ಎಂದು ಹಗುರವಾಗಿ ಕಾಣುವಂತಿಲ್ಲ.

ಇದೇ ಗುಂಪಿನಲ್ಲಿ ನಾವು ಸಾಕಷ್ಟು ಬಳಸದೆ ಬಿಟ್ಟಿರುವ ಎರಡು ಪದಗಳು ಮುಲಾಜು ಮತ್ತು ದಾಕ್ಷಿಣ್ಯ. ಹಿರಿಯರ ಮಾತು ಮೀರಲಾಗದೆ, ದೇಣಿಗೆ ಕೊಟ್ಟವರ ಮುಖ ನೋಡಿ, ಎದುರಿಗೆ ಇಲ್ಲ ಎನ್ನಲಾರದೆ ಆದ ತೀರ್ಮಾನಗಳನ್ನೆಲ್ಲ ನಾವು ಪಕ್ಷಪಾತ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಸಣ್ಣ ಸಂಘಗಳಲ್ಲಿ ನಡೆಯುವ ಅನ್ಯಾಯಗಳಲ್ಲಿ ಬಹುಪಾಲು ಈ ಬಗೆಯದ್ದೇ ಎಂದು ನನಗನ್ನಿಸುತ್ತದೆ. ‘ಆಯ್ಕೆ ಮುಲಾಜಿಗೆ ಒಳಗಾಗಿದೆ’ ಎಂದರೆ ತೀರ್ಮಾನ ಕೆಟ್ಟಿತು ಎಂಬುದನ್ನು ಸ್ಪಷ್ಟವಾಗಿ ಹೇಳಿದ ಹಾಗೂ ಆಯಿತು, ತೀರ್ಮಾನ ಮಾಡಿದವರನ್ನು ಲೋಭಿಗಳೆಂದು ಕರೆಯದೆ ಉಳಿದ ಹಾಗೂ ಆಯಿತು. ನಾಳೆ ಅದೇ ಜನರ ಜೊತೆ ಕೂತು ಕೆಲಸ ಮಾಡಬೇಕಾದ ಕಡೆ ಇದು ಬೆಲೆಯುಳ್ಳ ಪದ.

ತಾರತಮ್ಯಕ್ಕೆ ಬಂದರೆ, ಮುಂಬಯಿ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕಾದ ಪದ ಇದು. ಸಂಸ್ಕೃತದ ತರ, ತಮ ಎಂಬ ಪ್ರತ್ಯಯಗಳಿಂದ ಹುಟ್ಟಿದ ಈ ಪದಕ್ಕೆ ಮೂಲದಲ್ಲಿ ಹೆಚ್ಚುಕಡಿಮೆಯ ಕ್ರಮ ಎಂಬುದಷ್ಟೇ ಅರ್ಥ. ಮಾಧ್ವ ಸಿದ್ಧಾಂತದಲ್ಲಿ ಜೀವರ ತಾರತಮ್ಯ ಎಂಬುದು ನಿಂದೆಯ ಮಾತಲ್ಲ, ಒಂದು ತತ್ತ್ವ. ಇಂದಿನ ಕನ್ನಡದಲ್ಲಿ ಲಿಂಗ ತಾರತಮ್ಯ, ವರ್ಣ ತಾರತಮ್ಯ ಎಂಬ ಬಳಕೆಗಳಿಂದ ಅದು ಅನ್ಯಾಯದ ಭೇದ ಎಂಬ ಅರ್ಥದಲ್ಲಿ ಗಟ್ಟಿಯಾಗಿ ನಿಂತಿದೆ. ಮರಾಠಿಯಲ್ಲಿ ಹಾಗಲ್ಲ, ಅಲ್ಲಿ ತಾರತಮ್ಯ ಎಂದರೆ ವಿವೇಚನೆ, ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬ ತಿಳಿವಳಿಕೆ. ‘ತಾರತಮ್ಯ ಬಾಳಗಾ’ (ವಿವೇಚನೆ ಇಟ್ಟುಕೊಳ್ಳಿ) ಎಂದು ಮರಾಠಿಯವರು ಬುದ್ಧಿ ಹೇಳುತ್ತಾರೆ. ಹೀಗಿರುವಾಗ ಕನ್ನಡದಲ್ಲಿ ಯೋಚಿಸಿದ ದೂರನ್ನು ಮರಾಠಿಗೆ ಇಳಿಸಿ, ಪಾರ್ಕಿಂಗ್ ಹಂಚಿಕೆಯಲ್ಲಿ ಕಮಿಟಿ ತಾರತಮ್ಯ ತೋರಿದೆ ಎಂದು ಬರೆದರೆ ಸೊಸೈಟಿಯ ಸೆಕ್ರೆಟರಿಗೆ ಅದು ಮೆಚ್ಚುಗೆಯ ಪತ್ರದಂತೆ ಕಾಣುತ್ತದೆ. ಮರಾಠಿಗೆ ಹೋಗಲಿರುವ ಪತ್ರದಲ್ಲಿ ಭೇದಭಾವ ಅಥವಾ ಪಕ್ಷಪಾತ ಎಂದೇ ಬರೆಯಬೇಕು, ಅವೆರಡೂ ಎರಡು ಭಾಷೆಗಳಲ್ಲೂ ಒಂದೇ ಅರ್ಥ ಕೊಡುತ್ತವೆ, ದುಜಾಭಾವವೂ ಸರಿಹೋಗುತ್ತದೆ.

ಪಾರ್ಕಿಂಗಿನ ಉದಾಹರಣೆಯನ್ನೇ ಮುಂದುವರಿಸಿದರೆ ಪಕ್ಷಪಾತಕ್ಕೂ ತಾರತಮ್ಯಕ್ಕೂ ಇರುವ ಅಂತರ ಚೆನ್ನಾಗಿ ಕಾಣುತ್ತದೆ. ಜಾಗಕ್ಕಿಂತ ವಾಹನಗಳು ಹೆಚ್ಚಿದ್ದಾಗ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕೆಂದು ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಗಳು ಹೇಳುತ್ತವೆ. ಚೀಟಿ ಎತ್ತದೆ ಅಧ್ಯಕ್ಷರ ಗೆಳೆಯರಿಗೆ ಜಾಗ ಕೊಟ್ಟರೆ ಅದು ಪಕ್ಷಪಾತ. ಉಳಿದವರೆಲ್ಲ ಆಕಸ್ಮಿಕವಾಗಿ ಹೊರಗುಳಿದವರು. ಬಾಡಿಗೆದಾರರಿಗೆ, ಇಲ್ಲವೇ ಒಂದು ಧರ್ಮದವರಿಗೆ, ಇಲ್ಲವೇ ಮಾಂಸ ಬೇಯಿಸುವ ಮನೆಯವರಿಗೆ ಜಾಗವನ್ನೇ ಕೊಡದಿದ್ದರೆ ಅದು ತಾರತಮ್ಯ. ಇಲ್ಲಿ ಹೊರಗಿಡುವುದೇ ಉದ್ದೇಶ, ಹೊರಗಿಟ್ಟದ್ದಕ್ಕೆ ಅವರ ಗುರುತೇ ಕಾರಣ. ಸಂವಿಧಾನದ 15ನೆಯ ಅನುಚ್ಛೇದ ರಾಜ್ಯಕ್ಕೆ ನಿಷೇಧಿಸಿರುವುದು ಈ ಎರಡನೆಯ ಬಗೆಯನ್ನು: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆಯೇ ಮಾಡುವ ಭೇದವನ್ನು. ಒಬ್ಬರಿಗೆ ಕೊಟ್ಟದ್ದು ಮುಖ್ಯವಾದರೆ ಪಕ್ಷಪಾತ, ಒಂದು ಗುಂಪಿಗೆ ಕೊಡದಿದ್ದದ್ದು ಮುಖ್ಯವಾದರೆ ತಾರತಮ್ಯ ಎಂದು ನೆನಪಿಟ್ಟುಕೊಂಡರೆ ಸಾಕು.

ಪಂಕ್ತಿಭೇದವನ್ನು ಅದರ ಸ್ವಂತ ಅರ್ಥಕ್ಕೇ ಮೀಸಲಿಡುವುದು ಒಳ್ಳೆಯದು. ಜಾತಿ ನೋಡಿ ಊಟದ ಸಾಲನ್ನು ಬೇರೆ ಮಾಡುವ ಅವಮಾನಕ್ಕೆ ಕನ್ನಡ ಕೊಟ್ಟಿರುವ ಹೆಸರು ಅದು. ಬಹುಮಾನ ತಪ್ಪಿದ್ದಕ್ಕೆ, ವೇದಿಕೆಯ ಮೇಲೆ ಕುರ್ಚಿ ಸಿಗದಿದ್ದಕ್ಕೆ ಅದನ್ನು ಬಳಸಿದರೆ ಆ ಅವಮಾನದ ತೂಕ ಇಳಿಯುತ್ತದೆ. ಮಲತಾಯಿ ಧೋರಣೆಯನ್ನು ನಾನು ಬಳಸುವುದೇ ಇಲ್ಲ. ಸರ್ಕಾರಗಳ ವಿರುದ್ಧ, ಅನುದಾನ ಸಿಗದ ಪ್ರದೇಶಗಳ ಪರವಾಗಿ ಪತ್ರಿಕೆಗಳು ಅದನ್ನು ಧಾರಾಳವಾಗಿ ಬರೆಯುತ್ತವೆ, ಮರಾಠಿಯ ‘ಸಾಪತ್ನ ವಾಗಣೂಕ’ವೂ ಹಾಗೆಯೇ, ಆದರೆ ಇನ್ನೊಬ್ಬರ ಮಕ್ಕಳನ್ನು ತನ್ನವೆಂದು ಸಾಕಿದ ಹೆಂಗಸರ ಮೇಲೆ ಆ ಮಾತು ಮಾಡುವ ಗಾಯ ನಿಜವಾದದ್ದು, ಮತ್ತು ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಮಾತು ಯಾರನ್ನೂ ನೋಯಿಸದೆ ಅದೇ ಅರ್ಥವನ್ನು ಇನ್ನೂ ಚುರುಕಾಗಿ ಹೇಳುತ್ತದೆ. ಓಲೈಕೆಯಲ್ಲಿ ಪ್ರತಿಫಲದ ನಿರೀಕ್ಷೆ ಇರುತ್ತದೆ, ಓಟಿಗಾಗಿ, ದೇಣಿಗೆಗಾಗಿ. ಆ ನಿರೀಕ್ಷೆಯನ್ನು ತೋರಿಸಲಾಗದಿದ್ದರೆ ಪದವನ್ನು ಬಿಡುವುದು ಮೇಲು.

ಯಾವುದು ಪಕ್ಷಪಾತವಲ್ಲ ಎಂಬುದನ್ನೂ ಹೇಳಬೇಕು. ಲೋಕಲ್ ರೈಲಿನಲ್ಲಿ ಮಹಿಳೆಯರ ಡಬ್ಬಿ, ಅಂಗವಿಕಲರ ಡಬ್ಬಿ ಇರುವುದನ್ನು ಯಾರೂ ಪಕ್ಷಪಾತ ಎನ್ನುವುದಿಲ್ಲ; ಆದರೂ ಮೀಸಲಾತಿಯ ಮಾತು ಬಂದಾಗ ಅದೇ ಜನ ಆ ಪದವನ್ನು ಎತ್ತುತ್ತಾರೆ. ಸಂವಿಧಾನದ 16ನೆಯ ಅನುಚ್ಛೇದದ 4ನೆಯ ಖಂಡವು ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡಲು ಅವಕಾಶ ಕೊಟ್ಟಿದೆ. ನಿಯಮ ಮೊದಲೇ ಪ್ರಕಟವಾಗಿದೆ, ಕಾರಣ ಬಹಿರಂಗವಾಗಿದೆ, ಆ ವರ್ಗಕ್ಕೆ ಸೇರಿದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಮುಖ ನೋಡಿ ಮಣೆ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದ್ಯತೆ, ರಿಯಾಯಿತಿ, ಮೀಸಲಾತಿ ಎಂಬ ಪದಗಳನ್ನು ಆ ಜಾಗದಲ್ಲಿ ಉಳಿಸಿಕೊಳ್ಳಬೇಕು.

ಕೊನೆಗೆ ಸಭೆಯ ನಡಾವಳಿ ಬರೆಯುವವರಿಗೆ ಒಂದು ಮಾತು. ಸಮಿತಿಯ ಸದಸ್ಯರೊಬ್ಬರ ಸಂಬಂಧಿ ಅರ್ಜಿದಾರರಾಗಿದ್ದಾಗ ‘ಅವರು ತಟಸ್ಥರಾಗಿ ಉಳಿದರು’ ಎಂದು ಬರೆಯುವ ರೂಢಿಯಿದೆ. ತಟಸ್ಥ ಎಂದರೆ ದಡದಲ್ಲಿ ನಿಂತವರು, ಯಾವ ಕಡೆಗೂ ಮಾತಾಡದವರು; ನಿಷ್ಪಕ್ಷಪಾತಿ ಎಂದರೆ ತೀರ್ಪು ಕೊಟ್ಟೂ ಒಂದು ಕಡೆಗೆ ವಾಲದವರು. ನಂಟಿರುವ ಸದಸ್ಯರು ಇವೆರಡೂ ಆಗಿ ಸಾಲದು, ಅವರದು ಹಿತಾಸಕ್ತಿ ಸಂಘರ್ಷ, ಅವರು ಹೊರಗಿರಬೇಕು. 1969ರಲ್ಲಿ ಸುಪ್ರೀಂ ಕೋರ್ಟು ಎ. ಕೆ. ಕ್ರೈಪಾಕ್ ಪ್ರಕರಣದಲ್ಲಿ ಪರಿಶೀಲಿಸಿದ್ದು ಇಂಥದ್ದನ್ನೇ: ಭಾರತೀಯ ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ ಸದಸ್ಯರಾಗಿದ್ದ ಅಧಿಕಾರಿಯೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಕೂರಲಿಲ್ಲ, ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಪಕ್ಷಪಾತ ನಡೆದೇ ಇದೆ ಎಂದು ಸಾಬೀತಾಗಬೇಕಿಲ್ಲ, ನಡೆದಿರುವ ಸಂಭವ ಯುಕ್ತವಾಗಿ ಕಂಡರೆ ಸಾಕು ಎಂದು ಹೇಳಿ ನ್ಯಾಯಾಲಯ ಆ ಆಯ್ಕೆಯನ್ನು ರದ್ದುಮಾಡಿತು. ಆದ್ದರಿಂದ ನಡಾವಳಿಯಲ್ಲಿ ತಟಸ್ಥ ಎಂಬ ಪದವನ್ನು ತೆಗೆದು ಹೀಗೆ ಬರೆಯಬೇಕು: ‘ತಮ್ಮ ಸಂಬಂಧಿಯ ಅರ್ಜಿ ಇರುವ ವಿಷಯವನ್ನು ಸದಸ್ಯರು ಸಭೆಯ ಆರಂಭದಲ್ಲೇ ತಿಳಿಸಿದರು. ಈ ವಿದ್ಯಾರ್ಥಿವೇತನಕ್ಕೆ ಬಂದ ಎಲ್ಲ ಅರ್ಜಿಗಳ ಚರ್ಚೆ ಮತ್ತು ನಿರ್ಣಯ ಮುಗಿಯುವವರೆಗೆ ಅವರು ಸಭೆಯಿಂದ ಹೊರಗಿದ್ದರು.’ ಇದರಲ್ಲಿ ‘ಎಲ್ಲ ಅರ್ಜಿಗಳ’ ಎಂಬುದನ್ನು ಬಿಡಬಾರದು.